ರೆಕ್ಕೆ ನೋಡಿ ಬಂದವರು

ನಾವು ಯುದ್ಧದಾಟದ ಮೇಜು ಹಾಕಿದ ಮೊದಲ ಮೂರು ಭಾನುವಾರ ಅಲ್ಲಿಗೆ ಬಂದವರು ಒಟ್ಟು ಏಳು ಜನ. ಇಬ್ಬರು ಸಿಪಾಯಿ ಬೊಂಬೆಗಳನ್ನು ನೋಡಿ "ಡಜನ್ ಎಷ್ಟ್ರೀ?" ಅಂತ ಕೇಳಿ ಹೋದರು. ಒಬ್ಬ ಹಿರಿಯರು ಫ್ಯಾನ್ ಕೆಳಗೆ ಸ್ವಲ್ಪ ಹೊತ್ತು ಕೂತು ದಣಿವಾರಿಸಿಕೊಂಡರು. ಇನ್ನು ಮೂವರು ನಿಂತು ನೋಡಿ, ತಲೆಯಾಡಿಸಿ, ಮೆಟ್ಟಿಲಿಳಿದರು. ಕೂತು ದಾಳ ಹಾಕಿದವಳು ಒಬ್ಬಳೇ, ಅವಳು ನನ್ನ ಅಕ್ಕನ ಮಗಳು. ನಾಲ್ಕನೇ ಭಾನುವಾರ ಮೇಜಿನ ಮೂಲೆಗೆ ಒಂದು ಡ್ರ್ಯಾಗನ್ ಇಟ್ಟೆ. ಅವತ್ತು ರಾತ್ರಿ ಎಂಟಕ್ಕೆ ಶಟರ್ ಎಳೆಯೋ ಹೊತ್ತಿಗೂ ಇಬ್ಬರು ಹುಡುಗರು ಎದ್ದಿರಲಿಲ್ಲ. ಅವರ ಮನೆಯಿಂದ ಫೋನ್ ಮೇಲೆ ಫೋನ್.

ಕೊಪ್ಪಳದ ಗೆಳೆಯನೊಬ್ಬ ತನ್ನೂರಲ್ಲೂ ಇಂಥದೊಂದು ಮೇಜು ಹಾಕಬೇಕು ಅಂತಿದ್ದಾನೆ. "ದೊಡ್ಡದೊಂದು ಡ್ರ್ಯಾಗನ್ ಇಟ್ರೆ ಸಾಕಲ್ವಾ?" ಅಂತ ಕೇಳಿದ. ಸಾಕಾಗಲ್ಲ ಮಾರಾಯ. ಯಾಕೆ ಸಾಕಾಗಲ್ಲ ಅಂತ ಫೋನಲ್ಲಿ ಹೇಳೋಕೆ ಹೋಗಿ ಮುಕ್ಕಾಲು ಗಂಟೆ ಆಯ್ತು, ಆದರೂ ಮುಗೀಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೇನೆ.

ಮೊದಲು ಆಟ ಏನು ಅಂತ ಹೇಳಿಬಿಡುತ್ತೇನೆ, ಗೊತ್ತಿಲ್ಲದವರೇ ಜಾಸ್ತಿ. ಒಂದು ಮೇಜು. ಅದರ ಮೇಲೆ ಗುಡ್ಡ, ಗೋಡೆ, ನದಿ, ಮರ. ಒಂದಿಂಚಿಗಿಂತ ಸ್ವಲ್ಪ ಎತ್ತರದ ಸಿಪಾಯಿಗಳು, 28 ಮಿಲಿಮೀಟರ್ ಅಳತೆ ಅಂತ ಹೇಳುವ ಬೊಂಬೆಗಳು. ಚದುರಂಗದ ಹಾಗೆ ಇಲ್ಲಿ ಮನೆಗಳಿಲ್ಲ. ಟೇಪ್ ಹಿಡಿದು ಅಳೆದು ಆರಿಂಚು ನಡೆಸುತ್ತೀರಿ, ಗುರಿ ಕಾಣುತ್ತಾ ಅಂತ ಬಗ್ಗಿ ನೋಡುತ್ತೀರಿ, ಆಮೇಲೆ ದಾಳ. ಚದುರಂಗ ಹುಟ್ಟಿದ್ದೇ ನಮ್ಮಲ್ಲಿ, ಆನೆ ಕುದುರೆ ರಥ ಕಾಲಾಳು ಅನ್ನೋ ನಾಲ್ಕು ಅಂಗದ ಸೈನ್ಯದ ಆಟವಾಗಿ. 1824ರಲ್ಲಿ ಪ್ರಷ್ಯದ ಒಬ್ಬ ಸೇನಾಧಿಕಾರಿ ನಕಾಶೆ ಮೇಲೆ ದಾಳ ಹಾಕಿ ಯುದ್ಧ ಕಲಿಯುವ ಆಟವೊಂದನ್ನು ಪ್ರಕಟಿಸಿದ. ಅಲ್ಲಿನ ಸೇನೆಯಲ್ಲಿ ಅಧಿಕಾರಿಗಳಿಗೆ ಅದರಲ್ಲೇ ತರಬೇತಿ ಕೊಡುತ್ತಿದ್ದರು. ಈಗ ನಾವು ಆಡೋದು ಆ ಮನೆತನದ್ದೇ, ಆದರೆ ಖುಷಿಗೆ.

ನಮ್ಮ ಮೇಜು ಇರೋದು ಬಳ್ಳಾರಿಯಲ್ಲಿ, ನನ್ನ ಚಿಕ್ಕಪ್ಪನ ಮಗನ ಸ್ಟೇಷನರಿ ಅಂಗಡಿಯ ಮಹಡಿ ಮೇಲೆ. ನಾನು ಜೀನ್ಸ್ ಹೊಲಿಯೋ ಘಟಕವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಹಾಗಾಗಿ ನಮ್ಮ ಯುದ್ಧಭೂಮಿಯೂ ಡೆನಿಮ್ಮೇ. ಹೊಲಿಗೆಗೆ ಬಾರದ ತುಂಡನ್ನು ತಂದು ಒಳಮೈ ಮೇಲೆ ಮಾಡಿ ಹಾಸಿದರೆ ಬೂದುಬಿಳಿ ಬಣ್ಣ. ಅದಕ್ಕೆ ಸಂಡೂರಿನ ಕೆಂಪು ಮಣ್ಣನ್ನು ಫೆವಿಕಾಲ್ ನೀರಲ್ಲಿ ಕಲಸಿ ಬಳಿದೆ. ಒಣಗಿದ ಮೇಲೆ ನಮ್ಮೂರ ಹೊಲದ ಬದುವಿನ ಹಾಗೇ ಕಾಣುತ್ತದೆ. ನದಿ ಬೇಕಾದ ಕಡೆ ಅದೇ ಬಟ್ಟೆಯ ಉದ್ದ ಪಟ್ಟಿಯನ್ನು ಸೀದಾ ಮಾಡಿ ಇಟ್ಟರೆ ಮುಗೀತು, ನೀಲಿ. ಬೇರೆ ಊರಿನವರು ಇದಕ್ಕೆಂದೇ ರಬ್ಬರಿನ ಮ್ಯಾಟ್ ತರಿಸುತ್ತಾರೆ. ನನಗೆ ನಮ್ಮ ಡೆನಿಮ್ಮೇ ಚಂದ.

ನಾನು ಈ ಆಟಕ್ಕೆ ಬಿದ್ದದ್ದು ರಾಯಚೂರಿನಿಂದ. 1520ರ ರಾಯಚೂರು ಯುದ್ಧ. ಕೃಷ್ಣೆ ತುಂಗಭದ್ರೆಯ ನಡುವಿನ ಆ ದೋಆಬ್ ನೆಲಕ್ಕಾಗಿ ಕೃಷ್ಣದೇವರಾಯ ಮತ್ತು ಇಸ್ಮಾಯಿಲ್ ಆದಿಲ್ ಶಾಹ ಕಾದಾಡಿದ್ದು. ಮೊದಲು ಆದಿಲ್ ಶಾಹನ ಫಿರಂಗಿಗಳು ಒಟ್ಟಿಗೆ ಹಾರಿದಾಗ ರಾಯರ ಮುಂದಿನ ಸಾಲು ಒಡೆಯಿತು, ಆಮೇಲೆ ರಾಯರು ಉಳಿದವರನ್ನು ಹುರಿದುಂಬಿಸಿ ತಿರುಗಿ ನುಗ್ಗಿದರು. ಯುದ್ಧ ಗೆದ್ದ ಮೇಲೂ ಕೋಟೆ ಕೈಗೆ ಬಂದಿರಲಿಲ್ಲ. ಪೋರ್ಚುಗೀಸ್ ಬಂದೂಕಿನವರು ಕೆಳಗಿನಿಂದ ಗೋಡೆ ಮೇಲಿನ ಕಾವಲಿನವರಿಗೆ ಗುರಿಯಿಟ್ಟು ಹೊಡೆದರು. ಅವರು ತಲೆ ಎತ್ತದಂತಾದಾಗ ರಾಯರ ಆಳುಗಳು ಹಾರೆ ಹಿಡಿದು ಗೋಡೆಯ ಕಲ್ಲು ಕಿತ್ತರು. ಯುದ್ಧಕ್ಕೂ ಮುಂಚೆ ಮುತ್ತಿಗೆ ಹಾಕಿದ್ದಾಗಲೇ ಕಿತ್ತು ತಂದ ಕಲ್ಲಿನ ಗಾತ್ರಕ್ಕೆ ತಕ್ಕಂತೆ ಹಣ ಕೊಟ್ಟಿದ್ದರು ಅಂತ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಕಲ್ಲಿಗೆ ದುಡ್ಡು! ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇದಕ್ಕಿಂತ ಒಳ್ಳೆ ಆಟದ ನಿಯಮ ಯಾರು ಕಟ್ಟೋಕೆ ಸಾಧ್ಯ? ಸಣ್ಣ ಕಲ್ಲಿಗೆ ಒಂದು ಅಂಕ, ದೊಡ್ಡದಕ್ಕೆ ಮೂರು, ಆದರೆ ದೊಡ್ಡದನ್ನು ಹೊರೋಕೆ ಇಬ್ಬರು ಬೇಕು, ಆ ಇಬ್ಬರೂ ನಿಧಾನ.

ಎರಡು ವರ್ಷ ಕೂತು ಆ ಆಟ ಕಟ್ಟಿದೆ. ಗೋಡೆ ಥರ್ಮಾಕೋಲಿನದು, ಕಲ್ಲುಗಳನ್ನು ಒಂದೊಂದಾಗಿ ಕೀಳಬಹುದು. ಆದರೆ ಹತ್ತಡಿ ದೂರದಿಂದ, ಮೆಟ್ಟಿಲ ಹತ್ತಿರ ನಿಂತು ನೋಡಿದವರಿಗೆ ಅದೆಲ್ಲ ಏನು ಕಂಡೀತು? ಇಂಚು ಎತ್ತರದ ಐವತ್ತು ಸಿಪಾಯಿಗಳು ಅಲ್ಲಿಂದ ಅವಲಕ್ಕಿ ಚೆಲ್ಲಿದ ಹಾಗೆ ಕಾಣುತ್ತಾರೆ. ಹತ್ತಿರ ಬಂದರೆ ಮಾತ್ರ ಮುಖ, ಮೀಸೆ, ಪೇಟ. ಹತ್ತಿರ ಬರೋದಕ್ಕೇ ಒಂದು ಕಾರಣ ಬೇಕಿತ್ತು.

"ಮಾಮಾ, ದೂರದಿಂದ ಕಾಣೋದು ಒಂದಾದ್ರೂ ಇಡು" ಅಂದಳು ಅಕ್ಕನ ಮಗಳು. ಅವಳಿಗೆ ಹನ್ನೊಂದು ವರ್ಷ.

ಡ್ರ್ಯಾಗನ್‌ಗಿಂತ ಮುಂಚೆ ನನಗೆ ಹೊಳೆದದ್ದು ಯಾಳಿ. ಹಂಪಿಯ ವಿಠ್ಠಲ ಗುಡಿಯ ಕಂಬಗಳಲ್ಲಿ ಮುಂಗಾಲೆತ್ತಿ ನಿಂತಿರುತ್ತದಲ್ಲ, ಸಿಂಹದ ಮೈಯ ಆ ಪ್ರಾಣಿ. ನಮ್ಮದೇ ಇರುವಾಗ ಹೊರಗಿನದು ಯಾಕೆ ಅನ್ನಿಸಿತ್ತು. ಎಂ-ಸೀಲ್ ನಾದಿ, ತಂತಿ ಹಾಕಿ, ಒಂಬತ್ತು ಇಂಚಿನದೊಂದು ಮಾಡಿದೆ. ಚೆನ್ನಾಗೇ ಬಂತು. ಮೂರನೇ ಭಾನುವಾರ ಅದನ್ನು ಅಂಗಡಿಗೆ ಒಯ್ದು ಕೆಳಗೆ ಗಲ್ಲಾದ ಪಕ್ಕ ಇಟ್ಟೆ. ಪುಸ್ತಕ ಕೊಳ್ಳೋಕೆ ಬಂದ ಒಬ್ಬ ಅಮ್ಮ ಅದಕ್ಕೆ ಕೈಮುಗಿದರು. ಇದು ಆಟದ್ದು, ಸಿಪಾಯಿಗಳು ಇದರ ಜೊತೆ ಹೋರಾಡುತ್ತಾರೆ ಅಂತ ಹೇಳಿದೆ. ಅವರ ಮುಖ ಸಣ್ಣಗಾಯ್ತು. "ಗುಡಿ ಕಂಬದ ಮ್ಯಾಲಿಂದಪ್ಪಾ ಇದು, ಇದಕ್ಕ್ಯಾಕ ಬಡೀತೀರಿ?" ಅಂದರು.

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅವರು ಹೇಳಿದ್ದು ಸರಿ. ಯಾಳಿ ನಮಗೆ ಪರಿಚಯದ ಪ್ರಾಣಿ, ಅದು ನಿಲ್ಲೋ ಜಾಗ ನಮ್ಮ ಮನಸ್ಸಲ್ಲಿ ಆಗಲೇ ಗೊತ್ತಾಗಿದೆ. ಅದನ್ನು ಬೀಳಿಸೋಕೆ ಕೈ ಬರಲ್ಲ. ಡ್ರ್ಯಾಗನ್ ಹಾಗಲ್ಲ. ಅದು ಇಲ್ಲಿ ಯಾರ ಮನೆ ದೇವರೂ ಅಲ್ಲ, ಯಾವ ಗುಡಿಯ ಕಂಬದ್ದೂ ಅಲ್ಲ. ಆದರೆ ಕಾರ್ಟೂನಿನಿಂದ, ಮೊಬೈಲ್ ಆಟಗಳಿಂದ, ಟೀ ಶರ್ಟಿನಿಂದ ಎಲ್ಲ ಮಕ್ಕಳಿಗೂ ಅದು ಏನು ಮಾಡುತ್ತದೆ ಅಂತ ಗೊತ್ತು. ಹಾರುತ್ತದೆ, ಬೆಂಕಿ ಉಗುಳುತ್ತದೆ. ನಿಯಮ ಅರ್ಧ ಅಲ್ಲೇ ಮುಗೀತು. ಯಾರನ್ನೂ ನೋಯಿಸದೆ ಅದನ್ನು ಗೆಲ್ಲಬಹುದು, ಅದಕ್ಕೆ ಸೋಲಬಹುದು. ಯಾಳಿ ಈಗ ನಮ್ಮ ಮನೆಯ ಶೋಕೇಸಿನಲ್ಲಿ ಇದೆ. ಅದಕ್ಕೆ ಅದೇ ಜಾಗ.

ಮೊದಲ ಡ್ರ್ಯಾಗನ್ ಮಾಡಿದ್ದು ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಡೈನೋಸಾರಿನಿಂದ. ಇದು ನನ್ನ ಉಪಾಯ ಅಲ್ಲ. ಕಥೆಯ ಪಾತ್ರವಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು 1974ರಲ್ಲಿ ತಂದ ಇಬ್ಬರಲ್ಲಿ ಒಬ್ಬರಾದ ಗ್ಯಾರಿ ಗೈಗಾಕ್ಸ್ ಅದಕ್ಕೂ ಮುಂಚೆ ಮಧ್ಯಯುಗದ ಸೈನಿಕರ ಯುದ್ಧದಾಟ ಆಡುತ್ತಿದ್ದವರು. 1971ರಲ್ಲಿ ಅವರು ಇನ್ನೊಬ್ಬರ ಜೊತೆ ಸೇರಿ ತಂದ ಆ ಆಟದ ನಿಯಮಗಳ ಕೊನೆಗೆ ಮಾಂತ್ರಿಕರು, ಡ್ರ್ಯಾಗನ್‌ಗಳು ಇರುವ ಒಂದು ಭಾಗ ಸೇರಿಸಿದ್ದರು. ಆ ಕಾಲಕ್ಕೆ ಡ್ರ್ಯಾಗನ್ ಬೊಂಬೆಗಳು ಸಿಗುತ್ತಿರಲಿಲ್ಲ, ಹಾಗಾಗಿ ಪ್ಲಾಸ್ಟಿಕ್ ಸ್ಟೆಗೋಸಾರಸ್ ಒಂದನ್ನು ಬದಲಾಯಿಸಿ ಡ್ರ್ಯಾಗನ್ ಮಾಡಿಕೊಂಡರಂತೆ. ಅಮೆರಿಕದಲ್ಲಿ ಆಗಿದ್ದು ಬಳ್ಳಾರಿಯಲ್ಲೂ ಆಗುತ್ತದೆ ಅಂದುಕೊಂಡೆ.

ಡೈನೋಸಾರಿನ ಮೈ ತೀರಾ ನುಣುಪು. ಹುರುಪೆ ಬೇಕು. ಇಲ್ಲಿ ನನಗೆ ದಾರಿ ಸಿಕ್ಕಿದ್ದು ಕಿನ್ನಾಳದಿಂದ. ಕೊಪ್ಪಳದ ಪಕ್ಕದ ಊರು, ಅಲ್ಲಿನ ಚಿತ್ರಗಾರರ ಮರದ ಬೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅವರು ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ ಹುಣಸೆ ಬೀಜದ ಅಂಟಿನಲ್ಲಿ ಕಲಸುತ್ತಾರೆ. ಅದು ಕಿಟ್ಟ. ಮರದ ತುಂಡುಗಳು ಸೇರುವ ಸಂದು ಕಾಣದ ಹಾಗೆ ಮೈತುಂಬ ಅದನ್ನು ಮೆತ್ತುತ್ತಾರೆ. ಮೇಲಿನ ಒಡವೆ, ಉಬ್ಬು ಕೆಲಸಕ್ಕೆ ಬೆಣಚುಕಲ್ಲಿನಂಥ ಸಣ್ಣ ಕಲ್ಲಿನ ಪುಡಿಯನ್ನು ಗೋಂದಿನಲ್ಲಿ ಕಲಸಿದ್ದು ಬೇರೆ. ನಾನು ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಅರೆದು, ಕುದಿಸಿ ಅಂಟು ಮಾಡಿದೆ. ಮನೆಯೆಲ್ಲ ಹುರಿದ ವಾಸನೆ, ಅಮ್ಮ ಏನೋ ತಿಂಡಿ ಆಗ್ತಿದೆ ಅಂದುಕೊಂಡು ಅಡುಗೆಮನೆಗೆ ಬಂದಳು. ಆ ಅಂಟಿಗೆ ಘಟಕದಿಂದ ತಂದ ಡೆನಿಮ್ ಜುಂಗು ಸೇರಿಸಿ ಡೈನೋಸಾರಿನ ಬೆನ್ನಿಗೆ ಮೆತ್ತಿ, ಅರ್ಧ ಹಸಿ ಇರುವಾಗ ಪೆನ್ನಿನ ಮುಚ್ಚಳದಿಂದ ಒಂದೊಂದೇ ಹುರುಪೆ ಒತ್ತಿದೆ. ನೂರಾರು ಸಣ್ಣ ಅರ್ಧಚಂದ್ರ. ರೆಕ್ಕೆಗೆ ಹಳೆ ಕೊಡೆಯ ಕಡ್ಡಿ, ಅದೇ ಕೊಡೆಯ ಬಟ್ಟೆ. ಕಪ್ಪು ಬಳಿದು, ಆಮೇಲೆ ಬ್ರಷ್ಷಿನ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಉಳಿದ ಒಣ ಬಣ್ಣದಲ್ಲಿ ಮೇಲೆ ಮೇಲೆ ಸವರಿದರೆ ಹುರುಪೆಯ ಅಂಚಿಗೆ ಮಾತ್ರ ಕೆಂಪು ಹತ್ತುತ್ತದೆ. ಆ ಗಳಿಗೆಯಲ್ಲಿ ಡೈನೋಸಾರ್ ಹೋಗಿ ಡ್ರ್ಯಾಗನ್ ಬಂತು. ನಾಲ್ಕನೇ ಭಾನುವಾರ ಮೇಜಿನ ಮೂಲೆಗೆ ಇಟ್ಟಿದ್ದು ಅದನ್ನೇ.

ಸ್ಪ್ರೇ ಬಣ್ಣ ಹೊಡೆಯೋರಿಗೆ ಒಂದು ಮಾತು. ನಮ್ಮ ಏಪ್ರಿಲ್ ಮೇ ಬಿಸಿಲಲ್ಲಿ ಮಧ್ಯಾಹ್ನ ಸ್ಪ್ರೇ ಮಾಡಬೇಡಿ. ಬಣ್ಣ ಬೊಂಬೆಗೆ ತಾಗೋ ಮುಂಚೆ ಗಾಳಿಯಲ್ಲೇ ಒಣಗಿ ರವೆ ಉದುರಿಸಿದ ಹಾಗೆ ಕೂರುತ್ತದೆ. ಬೆಳಗ್ಗೆ ಆರಕ್ಕೆ ಎದ್ದು ಮಾಡಿ.

ನಾಲ್ಕನೇ ಭಾನುವಾರ ಜನ ಬಂದರು ಅಂದೆನಲ್ಲ. ಆ ಹುಡುಗರಿಬ್ಬರು ಕೂತಿದ್ದು ಸಂಜೆ ಆರರ ಮೇಲೆ. ಅದಕ್ಕೂ ಮುಂಚೆ ಮೂರು ಗಂಟೆ ನಾನು ದೊಡ್ಡ ತಪ್ಪು ಮಾಡಿದ್ದೆ. ಡ್ರ್ಯಾಗನ್ ಮುಂದೆ "ಮುಟ್ಟಬೇಡಿ" ಅಂತ ಚೀಟಿ ಇಟ್ಟಿದ್ದೆ. ಅಷ್ಟು ದಿನ ಕೂತು ಮಾಡಿದ್ದು, ರೆಕ್ಕೆ ಮುರಿದರೆ ಅನ್ನೋ ಹೆದರಿಕೆ. ಜನ ಬಂದರು, ಫೋಟೋ ತೆಗೆದರು, ಸೆಲ್ಫಿ ತೆಗೆದರು, "ಸೂಪರ್ ಅಣ್ಣಾ" ಅಂದರು, ಹೋದರು. ಜಾಸ್ತಿ ಅಂದರೆ ಎರಡು ನಿಮಿಷ. ಪಕ್ಕದಲ್ಲೇ ಸಿಪಾಯಿಗಳು ಸಾಲಾಗಿ ನಿಂತಿದ್ದರು, ಯಾರ ಕಣ್ಣೂ ಅತ್ತ ಹೊರಳಲಿಲ್ಲ. ಡ್ರ್ಯಾಗನ್ ಪ್ರದರ್ಶನದ ವಸ್ತು ಆಗಿತ್ತು, ಬಂದವರು ಪ್ರೇಕ್ಷಕರಾಗಿದ್ದರು. ಪ್ರೇಕ್ಷಕರು ಕೂರಲ್ಲ.

ಆರರ ಹೊತ್ತಿಗೆ ಬಂದ ಒಬ್ಬ ಹುಡುಗ ಚೀಟಿ ಓದಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮೂಗು ರೆಕ್ಕೆಗೆ ತಾಗುವಷ್ಟು ಬಗ್ಗಿ ನೋಡುತ್ತಾ ನಿಂತ. ಕದಲಲೇ ಇಲ್ಲ. ಆಮೇಲೆ ಮೆಲ್ಲಗೆ "ಅಣ್ಣಾ, ಇದು ಎಷ್ಟು ದೂರ ಹಾರತೈತಿ?" ಅಂದ. ಅಲ್ಲಿಯವರೆಗೆ ಎಲ್ಲರೂ ಕೇಳಿದ್ದು ಎಷ್ಟು ದುಡ್ಡು, ಎಲ್ಲಿ ಸಿಗುತ್ತೆ, ಎಷ್ಟು ದಿನ ಹಿಡೀತು ಅಂತ. ಇವನೊಬ್ಬ ಆಟದ ಒಳಗಿನ ಪ್ರಶ್ನೆ ಕೇಳಿದ್ದ. ನಾನು ಚೀಟಿ ಎತ್ತಿ ಜೇಬಿಗೆ ಹಾಕಿಕೊಂಡೆ. ಟೇಪ್ ಅವನ ಕೈಗೆ ಕೊಟ್ಟೆ. "ಹನ್ನೆರಡು ಇಂಚು. ಹೊಟ್ಟೆ ಕೆಳಗೆ ಹಿಡಿದು ಎತ್ತು, ನೀನೇ ಹಾರಿಸು" ಅಂದೆ. ಅವನು ಅದನ್ನು ಎರಡೂ ಕೈಯಲ್ಲಿ, ತುಂಬಿದ ಪಾಯಸದ ಬಟ್ಟಲು ಹಿಡಿದ ಹಾಗೆ ಹಿಡಿದು, ಗೋಡೆ ದಾಟಿಸಿ ಬಂದೂಕಿನವರ ಹಿಂದೆ ಇಳಿಸಿದ. ಆಮೇಲೆ ಮೆಟ್ಟಿಲ ಕಡೆ ತಿರುಗಿ ಗೆಳೆಯನನ್ನು ಕೂಗಿದ.

ಗೆಳೆಯ ಬಂದು ಸಿಪಾಯಿಗಳ ಕಡೆ ಕೂತ. ನಾನು ಕುರ್ಚಿ ಹಿಂದೆ ಸರಿಸಿಕೊಂಡೆ.

ಅವತ್ತಿನಿಂದ ನಾನು ಹಿಡಿದಿರೋ ಪದ್ಧತಿ ಇದೇ. ಬಂದವರ ಕೈಗೆ ಡ್ರ್ಯಾಗನ್ ಮೊದಲ ನಿಮಿಷದಲ್ಲೇ ಹೋಗಬೇಕು. ನಾನು ಡ್ರ್ಯಾಗನ್ ಆಡಿಸಿ ಅವರ ಸಿಪಾಯಿಗಳನ್ನು ಸುಡೋದಲ್ಲ. ಹೊಸಬರೇ ಡ್ರ್ಯಾಗನ್. ಯಾಕೆಂದರೆ ಒಂದೇ ಬೊಂಬೆ, ಒಂದೇ ನಿಯಮದ ಚೀಟಿ, ನೆನಪಿಡೋದು ಕಡಿಮೆ. ಐವತ್ತು ಸಿಪಾಯಿಗಳ ಸೈನ್ಯವನ್ನು ಹೊಸಬರ ಮುಂದೆ ಇಟ್ಟರೆ ಯಾರನ್ನು ಮೊದಲು ಎತ್ತಬೇಕು ಅಂತಲೇ ತಿಳಿಯದೆ ಕೈ ನಿಂತುಬಿಡುತ್ತದೆ. ಡ್ರ್ಯಾಗನ್ ಕೊಟ್ಟರೆ ಕೈ ತಾನಾಗಿ ಹೋಗುತ್ತದೆ.

ಮೇಜು ಕೂಡ ಚಿಕ್ಕದು ಮಾಡಿದೆ. ಆರಡಿ ನಾಲ್ಕಡಿಯ ಮೇಜು ನಮಗೆ ಖುಷಿ, ಹೊಸಬರಿಗೆ ಭಯ. ಈಗ ಎರಡಡಿಗೆ ಎರಡಡಿ. ಒಂದು ಗೋಡೆ, ಒಂದು ಗುಡ್ಡ, ಹತ್ತು ಸಿಪಾಯಿಗಳು. ಇಪ್ಪತ್ತು ನಿಮಿಷದಲ್ಲಿ ಮುಗೀಬೇಕು, ಬಸ್ಸಿಗೆ ಹೊತ್ತಾಯ್ತು ಅಂತ ಯಾರೂ ನಡುವೆ ಏಳಬಾರದು.

ಇನ್ನು ಡ್ರ್ಯಾಗನ್‌ಗೆ ಎಷ್ಟು ಜೀವ ಕೊಡಬೇಕು ಅನ್ನೋದು. ಇದನ್ನು ಸುಮ್ನೆ ಅಂದಾಜಿಗೆ ಬಿಡಬೇಡಿ, ಆಟದ ರುಚಿ ಇರೋದೇ ಇಲ್ಲಿ. ನಾನು ಮೊದಲು ಹದಿನೈದು ಕೊಟ್ಟಿದ್ದೆ. ದೊಡ್ಡ ಪ್ರಾಣಿ, ಜೀವ ಜಾಸ್ತಿ ಇರಲಿ ಅಂತ. ಅದು ಎಲ್ಲರನ್ನೂ ಸುಟ್ಟು ಮುಗಿಸುತ್ತಿತ್ತು, ಎದುರಿನವರಿಗೆ ಬೇಜಾರು. ಮೂರು ಕೊಟ್ಟೆ, ಒಂದೇ ಸರದಿಗೆ ಬಿತ್ತು, ಅದನ್ನು ಹಿಡಿದ ಹುಡುಗಿಗೆ ಅಳು. ಆಮೇಲೆ ಕೂತು ಲೆಕ್ಕ ಹಾಕಿದೆ. ಒಬ್ಬ ಸಿಪಾಯಿಗೆ ಒಂದು ದಾಳ, ನಾಲ್ಕು ಅಥವಾ ಮೇಲೆ ಬಿದ್ದರೆ ತಾಗಿತು. ತಾಗಿದ ಪ್ರತಿ ಏಟಿಗೂ ಡ್ರ್ಯಾಗನ್ ಒಂದು ದಾಳ ಹಾಕುತ್ತದೆ, ನಾಲ್ಕು ಅಥವಾ ಮೇಲೆ ಬಿದ್ದರೆ ಹುರುಪೆ ತಡೆಯಿತು. ಅರ್ಧದಲ್ಲಿ ಅರ್ಧ, ಅಂದರೆ ನಾಲ್ಕು ದಾಳಕ್ಕೆ ಒಂದು ಗಾಯ. ಬೆಂಕಿಗೆ ರಟ್ಟಿನಲ್ಲಿ ಕತ್ತರಿಸಿದ ನೀರಹನಿ ಆಕಾರದ ಒಂದು ತುಂಡು ಇದೆ, ಅದರ ಕೆಳಗೆ ಸಾಮಾನ್ಯವಾಗಿ ನಾಲ್ವರು ಸಿಗುತ್ತಾರೆ, ಅರ್ಧ ಉಳಿಯುತ್ತಾರೆ. ಹಾಗಾದರೆ ಸರದಿಗೆ ಇಬ್ಬರು ಹೋದರು. ಮೊದಲ ಸರದಿ ಹತ್ತು ದಾಳ, ಎರಡನೆಯದು ಎಂಟು, ಆಮೇಲೆ ಆರು, ಆಮೇಲೆ ನಾಲ್ಕು. ಒಟ್ಟು 28. ಅದರಲ್ಲಿ ನಾಲ್ಕನೇ ಒಂದು ಭಾಗ ಏಳು. ಡ್ರ್ಯಾಗನ್‌ಗೆ ಏಳು ಜೀವ ಕೊಟ್ಟೆ.

ಏಳು ಕೊಟ್ಟ ಮೇಲೆ ನೋಡಬೇಕಿತ್ತು ನೀವು. ನಾಲ್ಕನೇ ಸರದಿಗೆ ಒಂದೋ ಎರಡೋ ಜೀವ ಉಳಿದಿರುತ್ತದೆ, ಈ ಕಡೆ ಮೂರೋ ನಾಲ್ಕೋ ಸಿಪಾಯಿಗಳು. ದಾಳ ಹಿಡಿದ ಕೈಯನ್ನು ಬಾಯಿಗೆ ಒಡ್ಡಿ ಊದುತ್ತಾರೆ. ಹಿಂದೆ ನಿಂತವರು ಮುಂದೆ ಬಾಗುತ್ತಾರೆ. ಮಗಳನ್ನು ಕರೆದುಕೊಂಡು ಹೋಗಲು ಬಂದ ಅಪ್ಪ ಒಬ್ಬರು ಬ್ಯಾಗ್ ಕೆಳಗಿಟ್ಟು "ಇನ್ನೊಂದು ಸಲ ಹಾಕು, ಹಾಕು" ಅಂತ ಕೂಗಿದ್ದನ್ನು ನಾನು ಮರೆಯಲ್ಲ.

ಗುರಿ ಕಾಣುತ್ತಾ ಇಲ್ಲವಾ ಅನ್ನೋ ನಿಯಮ ಹೇಳಿಕೊಡೋದು ಮೊದಲು ಕಷ್ಟ ಆಗ್ತಿತ್ತು. ಬೊಂಬೆಯ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಬೇಕು, ಅದರ ಕಣ್ಣಿಗೆ ಎದುರಾಳಿ ಕಂಡರೆ ಮಾತ್ರ ಹೊಡೆಯಬಹುದು. ಈಗ ನಾನು ಬಳ್ಳಾರಿ ಗುಡ್ಡದ ಕಥೆ ಹೇಳುತ್ತೇನೆ. ಊರಲ್ಲಿ ಎಲ್ಲರೂ ಹೇಳೋ ಕಥೆ. ಹೈದರಾಲಿ ಫ್ರೆಂಚ್ ಎಂಜಿನಿಯರ್ ಒಬ್ಬನಿಂದ ಕೋಟೆ ಕಟ್ಟಿಸಿದ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ. ಅಲ್ಲಿ ಫಿರಂಗಿ ಏರಿಸಿದರೆ ಕೋಟೆಯ ಒಳಗೆಲ್ಲ ಕಾಣುತ್ತದೆ. ಆ ಎಂಜಿನಿಯರನನ್ನು ಗಲ್ಲಿಗೆ ಹಾಕಿಸಿದ ಅಂತಾರೆ. ನಮ್ಮ ಮಕ್ಕಳೆಲ್ಲ ಆ ಎರಡು ಗುಡ್ಡ ದಿನಾ ನೋಡೋರು. ಕಥೆ ಮುಗಿಯೋ ಮುಂಚೆಯೇ ಒಬ್ಬಳು ಡ್ರ್ಯಾಗನ್ ಎತ್ತಿ ಗುಡ್ಡದ ತುದಿಗೆ ಇಟ್ಟು, ಅದರ ತಲೆ ಹಿಂದೆ ಕಣ್ಣಿಟ್ಟು "ಈಗ ಎಲ್ಲಾರೂ ಕಾಣ್ತಾರ" ಅಂದಳು. ನಿಯಮದ ಹಾಳೆಯಲ್ಲಿ ಆರು ಸಾಲು ಬರೆದಿದ್ದೆ. ಅವತ್ತೇ ಅದನ್ನು ತೆಗೆದುಹಾಕಿ "ಕುಂಬಾರ ಗುಡ್ಡದ ನಿಯಮ" ಅಂತ ಮೂರೇ ಪದ ಬರೆದೆ.

ಎಲ್ಲರೂ ಮುಟ್ಟಲಿ ಅಂತ ಬಿಟ್ಟ ಮೇಲೆ ಮುರಿಯೋದು ಇದ್ದದ್ದೇ. ಒಂದು ಪುಟ್ಟ ಹುಡುಗ ಎಡ ರೆಕ್ಕೆ ಹಿಡಿದು ಎತ್ತಿದ, ಬುಡದಲ್ಲಿ ಟಕ್ ಅಂತ ಬಂತು. ಅವನ ಮುಖ ಬಾಡಿಹೋಯ್ತು, ಅವನ ಅಮ್ಮ ಗದರಿಸೋಕೆ ಶುರು ಮಾಡಿದರು. "ಅಕ್ಕಾ, ಬಿಡ್ರೀ, ಈ ಸರದಿಗೆ ಡ್ರ್ಯಾಗನ್ ಹಾರಂಗಿಲ್ಲ, ನಡೀತೈತಿ ಅಷ್ಟೆ" ಅಂದೆ. ಆರಿಂಚು ನಡೆಸಿದ, ಗೆದ್ದ ಕೂಡ. ಮನೆಗೆ ಬಂದು ಬರೀ ಫೆವಿಕ್ವಿಕ್ ಹಾಕಿದೆ, ಮುಂದಿನ ವಾರ ಅದೇ ಜಾಗದಲ್ಲಿ ಮತ್ತೆ ಬಿಟ್ಟಿತು. ಕೊನೆಗೆ ರೆಕ್ಕೆಯ ಬುಡಕ್ಕೂ ಬೆನ್ನಿಗೂ ಐದು ಮಿಲಿಮೀಟರಿನ ಸಣ್ಣ ಮ್ಯಾಗ್ನೆಟ್ ಕೂರಿಸಿದೆ. ಕೂರಿಸೋ ಮುಂಚೆ ಎರಡೂ ಒಂದನ್ನೊಂದು ಎಳೆಯೋ ಮುಖವನ್ನು ಸ್ಕೆಚ್ ಪೆನ್ನಿಂದ ಗುರುತು ಮಾಡಿಕೊಳ್ಳಿ, ಅಂಟು ಒಣಗಿದ ಮೇಲೆ ತಿರುಗಿಸೋಕಾಗಲ್ಲ. ಈಗ ಯಾರಾದರೂ ರೆಕ್ಕೆ ಹಿಡಿದು ಎತ್ತಿದರೆ ಅದು ಕೈಗೆ ಬರುತ್ತದೆ, ಮತ್ತೆ ಹತ್ತಿರ ಒಯ್ದರೆ ತಾನಾಗಿ ಕಚ್ಚಿಕೊಳ್ಳುತ್ತದೆ. ಮಕ್ಕಳಿಗೆ ಅದೇ ಒಂದು ಆಟವಾಗಿದೆ.

ಎರಡನೇ ಡ್ರ್ಯಾಗನ್ ಗೆಳೆಯನ ತ್ರೀಡಿ ಪ್ರಿಂಟರಿನಲ್ಲಿ ಹೊಡೆಸಿದ್ದು, ಹಸಿರು. ಅದು ಪಿಎಲ್‌ಎ ಅನ್ನೋ ಪ್ಲಾಸ್ಟಿಕ್, ಮೆಕ್ಕೆಜೋಳದಂಥ ಬೆಳೆಯಿಂದ ಮಾಡೋದು. ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಅದು ಗೊತ್ತಿದ್ದೂ ಮೇ ತಿಂಗಳ ಒಂದು ಮಧ್ಯಾಹ್ನ ಅದನ್ನು ಕಾರಿನ ಹಿಂದಿನ ಗಾಜಿನ ಕೆಳಗೆ ಇಟ್ಟು, ಮದುವೆ ಊಟಕ್ಕೆ ಹೋಗಿ ಬಂದೆ. ಒಂದೂವರೆ ಗಂಟೆ. ಬಂದು ನೋಡಿದರೆ ಎರಡೂ ರೆಕ್ಕೆ ಒದ್ದೆ ಟವೆಲ್ ಹಾಗೆ ಇಳಿಬಿದ್ದಿವೆ, ಕತ್ತು ಎದೆಗೆ ಬಂದಿದೆ. ಕರುಳು ಚುರ್ ಅಂತು. ಆದರೆ ಯಾವುದು ಬಾಗಿಸಿತೋ ಅದೇ ನೆಟ್ಟಗೂ ಮಾಡುತ್ತದೆ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಕುದಿಯೋ ಮುಂಚೆ ಇಳಿಸಿ, ಒಂದೊಂದು ರೆಕ್ಕೆ ಅರ್ಧ ನಿಮಿಷ ಅದ್ದಿ, ಕೈಗೆ ಬಟ್ಟೆ ಸುತ್ತಿಕೊಂಡು ಮೇಲಕ್ಕೆ ಬಾಗಿಸಿ, ತಕ್ಷಣ ತಣ್ಣೀರಿಗೆ. ನಾಲ್ಕು ಸಲ ಮಾಡಿದೆ. ಎಡ ರೆಕ್ಕೆ ಮೊದಲಿಗಿಂತ ಸ್ವಲ್ಪ ಹಿಂದಕ್ಕೆ ಬಾಗಿ ನಿಂತಿತು, ಜೋರಾಗಿ ಹಾರುತ್ತಿರೋ ಹಾಗೆ. ಹಾಗೇ ಬಿಟ್ಟಿದ್ದೇನೆ.

ನಮ್ಮ ಬಳಗದಲ್ಲೇ ಒಬ್ಬನಿಗೆ ಈ ಡ್ರ್ಯಾಗನ್ ಮೇಲೆ ಸಿಟ್ಟಿದೆ. ಕಾಲೇಜಿನಿಂದ ಜೊತೆಗಿದ್ದವನು, ರಾಯಚೂರು ಆಟದ ಸಿಪಾಯಿಗಳಿಗೆ ಪೇಟದ ಬಣ್ಣ ಹಾಕಿದವನೇ ಅವನು. "ಇಷ್ಟು ವರ್ಷ ನಿಜವಾದ ಇತಿಹಾಸ ಮಾಡಿ, ಈಗ ರೆಕ್ಕೆ ಹಾವು ತೋರಿಸಿ ಜನ ಕರೀಬೇಕಾ?" ಅಂತಾನೆ. ಅವನ ನೋವು ನನಗೆ ಅರ್ಥ ಆಗುತ್ತದೆ. ಅದಕ್ಕೇ ಒಂದು ವಿಷಯದಲ್ಲಿ ನಾನು ಅವನ ಕಡೆಯೇ. ರಾಯಚೂರಿನ ಮೇಜಿನ ಮೇಲೆ ಡ್ರ್ಯಾಗನ್ ಹಾರಲ್ಲ. ಅಲ್ಲಿ ನಿಜವಾದ ಜನ ಸತ್ತಿದ್ದಾರೆ, ನಮ್ಮ ಪಕ್ಕದ ನೆಲದಲ್ಲಿ. ಡ್ರ್ಯಾಗನ್ ಬರೋದು ಹೆಸರಿಲ್ಲದ ಒಂದು ಕೋಟೆಗೆ. ಸಿಪಾಯಿಗಳಿಗೂ ರಾಜನಿಲ್ಲ, ಬಾವುಟವಿಲ್ಲ. ಆದರೆ ಗೋಡೆ ಅದೇ, ಅಳತೆ ಅದೇ, ದಾಳದ ನಿಯಮ ಅದೇ. ಡ್ರ್ಯಾಗನ್ ಆಟ ಆಡಿದವರಿಗೆ ರಾಯಚೂರು ಆಟದ ಮುಕ್ಕಾಲು ಭಾಗ ಆಗಲೇ ಬಂದಿರುತ್ತದೆ, ಅವರಿಗೆ ಗೊತ್ತಿರಲ್ಲ ಅಷ್ಟೆ.

ಆಟ ಮುಗಿದ ಮೇಲೆ ನಾನು ಇನ್ನೊಂದು ಆಡ್ತೀರಾ ಅಂತ ಕೇಳಲ್ಲ. ಡ್ರ್ಯಾಗನ್ ಎತ್ತಿ ಪಕ್ಕಕ್ಕಿಟ್ಟು, ಗೋಡೆಯ ಒಂದು ಕಲ್ಲು ಕಿತ್ತು ಅವರ ಅಂಗೈ ಮೇಲೆ ಇಡುತ್ತೇನೆ. "ಇದಕ್ಕೆ ರಾಯರು ದುಡ್ಡು ಕೊಟ್ಟಿದ್ರು" ಅನ್ನುತ್ತೇನೆ. ಕೆಲವರು ನಕ್ಕು ಎದ್ದು ಹೋಗುತ್ತಾರೆ, ಇನ್ನೊಮ್ಮೆ ಡ್ರ್ಯಾಗನ್ ಆಡಲು ಬರುತ್ತಾರೆ, ಅದೂ ಸಂತೋಷವೇ. ಕೆಲವರು "ಯಾಕೆ?" ಅಂತ ಕೇಳುತ್ತಾರೆ. ಕೇಳಿದವರು ಕೂತರು ಅಂತಲೇ ಲೆಕ್ಕ. ಎಷ್ಟು ದೂರ ಹಾರತೈತಿ ಅಂತ ಕೇಳಿದ್ದ ಆ ಹುಡುಗ ಈಗ ಪೋರ್ಚುಗೀಸ್ ಬಂದೂಕಿನವರನ್ನು ಮಾತ್ರ ಆಡಿಸುತ್ತಾನೆ. ಹೋದ ತಿಂಗಳು ಅಪ್ಪನ ಜೊತೆ ರಾಯಚೂರು ಕೋಟೆಗೆ ಹೋಗಿ, 1294ರ ಶಾಸನ ಇರೋ ಆ ಸುಮಾರು 41 ಅಡಿ ಉದ್ದದ ಕಲ್ಲನ್ನು ನೋಡಿ ಬಂದ. ಬಂದವನೇ ಕೇಳಿದ್ದು, "ಅಣ್ಣಾ, ಅದನ್ನ ಕಿತ್ರೆ ಎಷ್ಟು ಅಂಕ?" ಪೇಟಕ್ಕೆ ಬಣ್ಣ ಹಾಕಿದ ನನ್ನ ಗೆಳೆಯನೇ ಅವನ ಪಕ್ಕ ಕೂತು ಲೆಕ್ಕ ಹಾಕಿದ. ಅಷ್ಟು ದೊಡ್ಡದನ್ನು ಹೊರೋಕೆ ನಮ್ಮ ಸಿಪಾಯಿಗಳು ಸಾಲಲಿಲ್ಲ.

ಹಸಿರು ಡ್ರ್ಯಾಗನ್ ಈ ಶನಿವಾರ ಕೊಪ್ಪಳಕ್ಕೆ ಹೊರಡುತ್ತಿದೆ, ಗೆಳೆಯನ ಮೊದಲ ಮೇಜಿಗೆ. ರೆಕ್ಕೆ ಬಿಚ್ಚಿ ಹಳೆ ಟೀ ಶರ್ಟಿನಲ್ಲಿ ಸುತ್ತಿ ಶೂ ಡಬ್ಬಿಗೆ ಹಾಕಿದ್ದೇವೆ. ಜೊತೆಗೆ ಬೆಂಕಿಯ ರಟ್ಟು, ಏಳು ಕೆಂಪು ಗುಂಡಿ ಜೀವ ಎಣಿಸೋಕೆ, ಅವು ನಮ್ಮ ಘಟಕದವೇ. ಬೆಳಗಿನ ಬಸ್ಸು. ಡಬ್ಬಿಯ ಮುಚ್ಚಳದ ಮೇಲೆ ಅಕ್ಕನ ಮಗಳು ದಪ್ಪ ಅಕ್ಷರದಲ್ಲಿ ಬರೆದಿದ್ದಾಳೆ: "ಬಿಸಿಲಿಗೆ ಇಡಬೇಡಿ. ಮುಟ್ಟಬಹುದು."